ನಂಬಿಕೆಗೂ ಕೈಗಳಿರಬೇಕು

ಮಾಗಡಿ ರಸ್ತೆಯಲ್ಲಿ ದಿನನಿತ್ಯ ಓಡಾಡುವವರಿಗೆ ಸುಮನಹಳ್ಳಿಯೆಂದರೆ ಹೊರವರ್ತುಲ ರಸ್ತೆ ಕೂಡುವಲ್ಲಿನ ಒಂದು ಮೇಲ್ಸೇತುವೆ, ಒಂದು ಬಸ್ ನಿಲ್ದಾಣ, ಸಂಜೆಯ ಹೊತ್ತು ಕದಲದೆ ನಿಲ್ಲುವ ವಾಹನಗಳ ಸಾಲು. ಕಂಡಕ್ಟರು ಆ ಹೆಸರನ್ನು ಕೂಗಿದಾಗ ಇಳಿದು ಹೋಗುವವರಲ್ಲಿ ಎಷ್ಟು ಮಂದಿ ಅದರ ಅರ್ಥವನ್ನು ಯೋಚಿಸಿದ್ದಾರೋ ತಿಳಿಯದು. ಒಳ್ಳೆಯ ಮನಸ್ಸುಳ್ಳವರ ಹಳ್ಳಿ ಎಂಬುದು ಅದರ ಅರ್ಥ. ಕುಷ್ಠರೋಗಿಗಳ ಪುನರ್ವಸತಿಗೆಂದು ಹುಟ್ಟಿದ ಕೇಂದ್ರವೊಂದು ತಾನು ಇಟ್ಟುಕೊಂಡ ಹೆಸರು ಕಾಲಕ್ರಮದಲ್ಲಿ ಸುತ್ತಲಿನ ಪ್ರದೇಶದ್ದೂ ಆಯಿತು. ಒಂದು ಕಾಲದಲ್ಲಿ ಜನ ಮುಖ ತಿರುಗಿಸಿಕೊಂಡು ದಾಟುತ್ತಿದ್ದ ಜಾಗದ ಹೆಸರನ್ನು ಈಗ ನಿವೇಶನದ ಜಾಹೀರಾತುಗಳಲ್ಲಿ ಹೆಮ್ಮೆಯಿಂದ ಅಚ್ಚು ಹಾಕಿಸುತ್ತಾರೆ.

ಓದುಗ ಮಿತ್ರರೇ, ಕಷ್ಟಕಾಲದಲ್ಲಿ ದೇವರ ಮೇಲೆ ಭರವಸೆಯಿಡುವುದು ಎಂದರೇನು ಎಂಬ ಪ್ರಶ್ನೆ ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ. ನಾನು ಕನ್ನಡ ಕ್ರೈಸ್ತ ಮನೆತನದಲ್ಲಿ ಹುಟ್ಟಿದವನು. ದೇವರ ಚಿತ್ತ, ದೇವರ ಆಸರೆ, ದೇವರ ಮೇಲೆ ಭಾರ ಹಾಕುವುದು, ಇವೆಲ್ಲ ನಮ್ಮ ಮನೆಯಲ್ಲಿ ಉಪ್ಪಿನಷ್ಟೇ ಸಾಮಾನ್ಯವಾದ ಮಾತುಗಳು. ಕಾಯಿಲೆಯ ಮನೆಗೆ ಹೋದರೂ ಸಾವಿನ ಮನೆಗೆ ಹೋದರೂ ಅವೇ ಮಾತುಗಳು ಬರುತ್ತಿದ್ದವು. ಅವುಗಳ ಹಿಂದೆ ಇರಬೇಕಾದ ವಸ್ತು ಏನೆಂಬುದನ್ನು ನನಗೆ ತೋರಿಸಿಕೊಟ್ಟದ್ದು ಮಾತ್ರ ಸುಮನಹಳ್ಳಿಯ ನಂಟಿನ ಕೆಲವು ಜನ. ಅವರ ವಿಷಯವನ್ನೇ ಇಂದು ಬರೆಯುತ್ತಿದ್ದೇನೆ.

ಮೊದಲು ಆ ಸಂಸ್ಥೆಯ ಹುಟ್ಟು. 1970ರ ದಶಕದಲ್ಲಿ ಮಾಗಡಿ ರಸ್ತೆಯ ಈ ಭಾಗ ಊರಾಚೆಯ ಪ್ರದೇಶ. ಭಿಕ್ಷುಕರ ಕಾಲೊನಿ ಅಲ್ಲಿತ್ತು. ಬೀದಿಯಲ್ಲಿ ಬೇಡುತ್ತಿದ್ದವರಲ್ಲಿ ಕುಷ್ಠರೋಗದಿಂದ ಬೆರಳು ಕಳೆದುಕೊಂಡವರು ಬಹಳ. ಮನೆಯವರು ಹೊರಹಾಕಿದ ಮೇಲೆ ಅವರಿಗೆ ಬೀದಿಯಲ್ಲದೆ ಬೇರೆ ದಾರಿಯಿರಲಿಲ್ಲ. ಅಂದಿನ ಮುಖ್ಯಮಂತ್ರಿ ಡಿ. ದೇವರಾಜ ಅರಸರ ಸರ್ಕಾರ ಇವರ ಹೊಣೆಯನ್ನು ಹೊತ್ತುಕೊಳ್ಳುವಂತೆ ಬೆಂಗಳೂರು ಮಹಾಧರ್ಮಪ್ರಾಂತವನ್ನು ಕೇಳಿಕೊಂಡಿತು. ಆಗ ಆರೋಕ್ಯಸ್ವಾಮಿಯವರು ಮಹಾಧರ್ಮಾಧ್ಯಕ್ಷರು. ಹೀಗೆ 1977-78ರಲ್ಲಿ, ಸರ್ಕಾರ ಗುತ್ತಿಗೆಗೆ ಕೊಟ್ಟ 60 ಎಕರೆಗೂ ಹೆಚ್ಚಿನ ಜಮೀನಿನಲ್ಲಿ ಸುಮನಹಳ್ಳಿ ಆರಂಭವಾಯಿತು. ಆಸ್ಪತ್ರೆ, ಶಾಲೆ, ಹೊಲಿಗೆ ಮತ್ತು ಚರ್ಮದ ಕೆಲಸದ ತರಬೇತಿ ಒಂದೊಂದಾಗಿ ಬಂದವು. ಮುಂದೆ ಎಚ್.ಐ.ವಿ. ಸೋಂಕಿತರನ್ನು ಸಮಾಜ ಹೀಗೆಯೇ ದೂರವಿಟ್ಟಾಗ ಅವರಿಗೂ ಅಲ್ಲಿ ಜಾಗ ದೊರೆಯಿತು.

ಅದು ಕಥೋಲಿಕರ ಸಂಸ್ಥೆ, ನಾವು ಪ್ರೊಟೆಸ್ಟೆಂಟರು. ಆದರೂ ಕ್ರಿಸ್‌ಮಸ್ ಸಮಯದಲ್ಲಿ ನಮ್ಮ ಸಭೆಯ ಕೆಲವರು ಅಲ್ಲಿಗೆ ಹೋಗಿ ಹಾಡಿ, ತಿಂಡಿ ಹಂಚಿ ಬರುವುದು ರೂಢಿಯಾಗಿತ್ತು. ನಮ್ಮ ಗುಂಪಿನಲ್ಲಿ ನಿವೃತ್ತ ನರ್ಸಮ್ಮ ಒಬ್ಬರಿದ್ದರು. ಉಳಿದವರು ಹಾಡು ಮುಗಿಸಿ ಕೈಜೋಡಿಸಿ ನಿಲ್ಲುತ್ತಿದ್ದಾಗ ಆಕೆ ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಪಾದಗಳನ್ನು ಎತ್ತಿ ನೋಡಿ, ಗಾಯವಿದ್ದರೆ ಕೇಳಿ ತಿಳಿದುಕೊಂಡು ಬರುತ್ತಿದ್ದರು. ವಾಪಸು ಬಸ್ಸಿನಲ್ಲಿ ನಮಗೆ ಪಾಠ. “ಬಿಳಿಚಿಕೊಂಡ ಮಚ್ಚೆಯಿದ್ದು, ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ ಎಂದರೆ ತಕ್ಷಣ ತೋರಿಸಬೇಕು. ತುರಿಕೆಯಿದ್ದರೆ ಅಷ್ಟು ಭಯವಿಲ್ಲ, ಸ್ಪರ್ಶವೇ ಇಲ್ಲದಿದ್ದರೆ ಭಯ” ಎನ್ನುತ್ತಿದ್ದರು. ಈ ಮಾತು ನನಗೆ ಮುಂದೆ ಉಪಯೋಗಕ್ಕೆ ಬಂತು.

ನಮ್ಮ ಸತ್ಯವೇದದಲ್ಲಿ ಕುಷ್ಠದ ಪ್ರಸ್ತಾಪ ಬಹಳ. ಯಾಜಕಕಾಂಡದ 13ನೆಯ ಅಧ್ಯಾಯದಲ್ಲಿ ಅದರ ಲಕ್ಷಣಗಳನ್ನು ಯಾಜಕನು ಪರೀಕ್ಷಿಸಬೇಕಾದ ಕ್ರಮವೂ, ರೋಗಿ ಪಾಳೆಯದ ಹೊರಗೆ ಇರಬೇಕೆಂಬ ನಿಯಮವೂ ಇವೆ. ಅಲ್ಲಿನ ಹೀಬ್ರೂ ಪದ ಇಂದಿನ ಕುಷ್ಠರೋಗಕ್ಕಷ್ಟೇ ಸೀಮಿತವಾದದ್ದಲ್ಲವೆಂದು ಪಂಡಿತರು ಹೇಳುತ್ತಾರೆ. ಬಟ್ಟೆಗೂ ಗೋಡೆಗೂ ಹಿಡಿಯುವ ಬೂಷ್ಟನ್ನೂ ಅದೇ ಪದದಿಂದ ಕರೆದಿದ್ದಾರೆ. ಆದರೆ ಆ ಅಧ್ಯಾಯವನ್ನು ಓದಿದ ತಲೆಮಾರುಗಳು ಪದದ ವಿಸ್ತಾರವನ್ನು ಮರೆತು, ಹೊರಗಿಡುವ ನಿಯಮವನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಂಡವು. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸುಸ್ವಾಮಿಯ ಬಳಿ ಅಂಥ ಒಬ್ಬ ರೋಗಿ ಬರುತ್ತಾನೆ. ಅವನಿಗೆ ಗುಣವಾದದ್ದನ್ನು ನಾವೆಲ್ಲ ನೆನೆಯುತ್ತೇವೆ. ನರ್ಸಮ್ಮ ಅದರಲ್ಲಿ ಬೇರೊಂದನ್ನು ಗುರುತಿಸಿದ್ದರು. ಸ್ವಾಮಿ ಅವನನ್ನು ಮುಟ್ಟಿದ್ದು ಗುಣವಾಗುವುದಕ್ಕೆ ಮೊದಲು. ವಾಸಿಯಾದವನನ್ನು ಯಾರು ಬೇಕಾದರೂ ಮುಟ್ಟಬಹುದಲ್ಲ ಎಂದು ಆಕೆ ನಗುತ್ತಿದ್ದರು.

ಈ ರೋಗದ ಚರಿತ್ರೆಯಲ್ಲಿ 1873 ಒಂದು ವಿಶೇಷ ವರ್ಷ. ಆ ವರ್ಷ ನಾರ್ವೆಯ ವೈದ್ಯ ಹ್ಯಾನ್ಸೆನ್ ಇದಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಕಂಡುಹಿಡಿದರು. ಪಾಪದ ಫಲ, ಶಾಪ, ವಂಶದ ದೋಷ ಎಂಬ ಮಾತುಗಳಿಗೆಲ್ಲ ಅಂದೇ ತೆರೆ ಬೀಳಬೇಕಿತ್ತು. ಅದೇ ವರ್ಷ ಬೆಲ್ಜಿಯಂ ದೇಶದ ಗುರು ಡೇಮಿಯನ್ ಹವಾಯಿಯ ಮೊಲೊಕಾಯ್ ದ್ವೀಪಕ್ಕೆ, ಸರ್ಕಾರ ಕುಷ್ಠರೋಗಿಗಳನ್ನು ಒಯ್ದು ಬಿಡುತ್ತಿದ್ದ ಜಾಗಕ್ಕೆ, ತಾವಾಗಿ ಹೋದರು. ಮನೆ ಕಟ್ಟಿದರು, ಗಾಯಕ್ಕೆ ಪಟ್ಟಿ ಕಟ್ಟಿದರು, ಶವಪೆಟ್ಟಿಗೆಯನ್ನೂ ತಾವೇ ಮಾಡಿದರು. ಒಂದು ದಿನ ಕಾಲಿಗೆ ಕುದಿನೀರು ತಗುಲಿದರೂ ನೋವು ತಿಳಿಯದೆ ಹೋದಾಗ ತಮಗೂ ರೋಗ ಬಂದದ್ದು ಅವರಿಗೆ ಖಚಿತವಾಯಿತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. 1889ರಲ್ಲಿ, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. 2009ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ದೇವರನ್ನು ನಂಬಿದವರಿಗೆ ಕೇಡು ತಟ್ಟುವುದಿಲ್ಲ ಎಂದು ಬೋಧಿಸುವವರು ಡೇಮಿಯನ್ನರ ಬದುಕಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದು ಒಳ್ಳೆಯದು.

ಇನ್ನು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. 1994ರಲ್ಲಿ ನಾನು ಬಸವೇಶ್ವರನಗರದ ಆಸುಪಾಸಿನ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕ. ಒಂದು ಮಧ್ಯಾಹ್ನ ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಹುಡುಗರ ಗುಂಪು ಸೇರಿತ್ತು. ಅವರ ನಡುವೆ ಒಬ್ಬ ತನ್ನ ಮುಂದೋಳನ್ನು ಚಾಚಿ ಕುಳಿತಿದ್ದ. ಗೆಳೆಯರು ಕೈವಾರದ ಮೊನೆಯಿಂದ ಒಬ್ಬರಾದ ಮೇಲೊಬ್ಬರು ಚುಚ್ಚುತ್ತಿದ್ದರೆ ಆತ ಕಣ್ಣು ಕೂಡ ಮಿಟುಕಿಸದೆ ನಗುತ್ತಿದ್ದ. ಅವನ ಧೈರ್ಯಕ್ಕೆ ತರಗತಿಯಲ್ಲಿ ಒಳ್ಳೆಯ ಹೆಸರಿತ್ತಂತೆ. ನಾನು ಹತ್ತಿರ ಹೋಗಿ ನೋಡಿದೆ. ಎಂಟಾಣೆಯಷ್ಟು ಅಗಲದ, ಸುತ್ತಲಿನ ಚರ್ಮಕ್ಕಿಂತ ಮಾಸಲಾದ ಮಚ್ಚೆ. “ಅಲ್ಲಿ ಮಾತ್ರ ನೋವಾಗಲ್ಲ ಸಾರ್” ಎಂದ. ನರ್ಸಮ್ಮನ ಬಸ್ಸಿನ ಪಾಠ ನೆನಪಾಗಿ ನನ್ನ ಎದೆ ಝಲ್ಲೆಂದಿತು. ಹುಡುಗರನ್ನು ಗದರಿಸದೆ ಕೈವಾರವನ್ನು ಮಾತ್ರ ಇಸಿದುಕೊಂಡೆ.

ಅವನ ತಾಯಿ ನಮ್ಮ ಸಭೆಗೇ ಸೇರಿದವರು. ಗಂಡ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಕಾಮಾಕ್ಷಿಪಾಳ್ಯದ ಒಂದು ವಠಾರದಲ್ಲಿ ಊದುಬತ್ತಿ ಹೊಸೆದು, ಸಾವಿರ ಕಡ್ಡಿಗೆ ಇಷ್ಟೆಂದು ಸಿಗುವ ಹಣದಲ್ಲಿ ಮಗನನ್ನು ಓದಿಸುತ್ತಿದ್ದರು. ನರ್ಸಮ್ಮನೂ ನಾನೂ ಜೊತೆಯಲ್ಲಿ ಹೋಗಿ ಸರ್ಕಾರಿ ವೈದ್ಯರಿಗೆ ತೋರಿಸಿದೆವು. ಅನುಮಾನ ನಿಜವಾಗಿತ್ತು. ಹೊರಗೆ ಬೆಂಚಿನ ಮೇಲೆ ಕುಳಿತು ಆ ತಾಯಿ ನನ್ನನ್ನು ಕೇಳಿದರು: “ಒಂದು ಭಾನುವಾರ ತಪ್ಪಿಸಿದವಳಲ್ಲ ಮೇಷ್ಟ್ರೇ. ದಿನಾ ಮೊಣಕಾಲೂರಿದ್ದೀನಿ. ಆದರೂ ನನ್ನ ಮಗನಿಗೇ ಯಾಕೆ?”

ಉತ್ತರ ನನಗೆ ತೋಚಲಿಲ್ಲ. ನರ್ಸಮ್ಮ ಆಕೆಯ ಮಸಿಹಿಡಿದ ಅಂಗೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, “ಮುಂದಿನ ತಿಂಗಳ ಮಾತ್ರೆ ಯಾವ ತಾರೀಖಿಗೆ ಅಂದರು? ನಾನೂ ಬರುತ್ತೇನೆ” ಎಂದಷ್ಟೇ ಹೇಳಿದರು.

ಒಂದೇ ಮಚ್ಚೆಯಾದ್ದರಿಂದ ಆರು ತಿಂಗಳ ಔಷಧ ಸಾಕಾಗಿತ್ತು. ಒಂದಕ್ಕಿಂತ ಹೆಚ್ಚು ಔಷಧಗಳನ್ನು ಕೂಡಿಸಿ ಕೊಡುವ ಈ ಚಿಕಿತ್ಸೆ 1980ರ ದಶಕದಲ್ಲಿ ಬಳಕೆಗೆ ಬಂದದ್ದು. ಡ್ಯಾಪ್ಸೋನ್ ಮಾತ್ರೆ ದಿನವೂ. ರಿಫಾಂಪಿಸಿನ್ ತಿಂಗಳಿಗೊಮ್ಮೆ, ಆರೋಗ್ಯ ಕಾರ್ಯಕರ್ತರ ಕಣ್ಣೆದುರಿನಲ್ಲೇ ನುಂಗಬೇಕು. ಔಷಧ ಆರಂಭವಾದ ಸ್ವಲ್ಪ ಕಾಲದಲ್ಲೇ ರೋಗ ಇತರರಿಗೆ ಹರಡುವ ಶಕ್ತಿ ಕಳೆದುಕೊಳ್ಳುತ್ತದೆ. ಮೊದಲ ರಾತ್ರಿ ಹುಡುಗನ ಮೂತ್ರ ಕೆಂಪಗೆ ಹೋಯಿತೆಂದು ತಾಯಿ ಹೆದರಿ ಓಡಿಬಂದರೆ, “ಅದು ಮಾತ್ರೆಯ ಬಣ್ಣ ಕಣಮ್ಮ, ರಕ್ತವಲ್ಲ” ಎಂದು ನರ್ಸಮ್ಮ ಕಾಫಿ ಕುಡಿಸಿ ಕಳಿಸಿದರು.

ಆ ತಾಯಿ ಮನೆಯ ಪ್ರಾರ್ಥನಾ ಕೂಟವೊಂದರಲ್ಲಿ ಕಣ್ಣೀರಿಟ್ಟು, ಮಗನ ರೋಗದ ಹೆಸರು ಹೇಳಿ, ಅವನಿಗಾಗಿ ಪ್ರಾರ್ಥಿಸಬೇಕೆಂದು ಕೇಳಿಕೊಂಡರು. ಬುಧವಾರದ ಪ್ರಾರ್ಥನಾ ವಿನಂತಿ ಭಾನುವಾರದ ಹೊತ್ತಿಗೆ ಸುದ್ದಿಯಾಗಿತ್ತು. ನಮ್ಮ ಸಭೆಯಲ್ಲಿ ಕರ್ತನ ಭೋಜನದ ವೇಳೆ ಎಲ್ಲರೂ ಒಂದೇ ಪಾನಪಾತ್ರೆಯಿಂದ ಕುಡಿಯುವ ಕ್ರಮ. ತಾಯಿಗೆ ರೋಗವಿರಲಿಲ್ಲ, ಮಗನಿಗೂ ಚಿಕಿತ್ಸೆ ನಡೆದಿತ್ತು. ಆದರೂ ಪಿಸುಮಾತು ಹೊರಟಿತು. ಅದು ಅವರ ಕಿವಿಗೂ ಬಿದ್ದಿರಬೇಕು. ಆ ತಿಂಗಳ ಸಂಸ್ಕಾರದ ಭಾನುವಾರ, ಎಲ್ಲರೂ ಮುಗಿಸಿದ ಮೇಲೆ ಎದ್ದರಾಯಿತು ಎಂಬಂತೆ ಕೊನೆಯ ಬೆಂಚಿನ ತುದಿಯಲ್ಲಿ ಕುಳಿತಿದ್ದರು. ನರ್ಸಮ್ಮ ಎಂದಿನ ಮುಂದಿನ ಸಾಲಿನ ಜಾಗ ಬಿಟ್ಟು ಎದ್ದು ಹೋಗಿ ಅವರ ಮಗ್ಗುಲಲ್ಲಿ ಕುಳಿತರು. ಸಾಲು ಕರಗಿದ ಮೇಲೆ ಇಬ್ಬರೂ ಎದ್ದರು. ಮೊದಲು ಆ ತಾಯಿ ಕುಡಿದರು, ಅವರ ಹಿಂದೆ ನರ್ಸಮ್ಮ. ಅದರ ಬಗ್ಗೆ ಯಾರೂ ಏನೂ ಆಡಲಿಲ್ಲ. ಮುಂದಿನ ತಿಂಗಳು ಇನ್ನೂ ನಾಲ್ಕು ಮಂದಿ ಕೊನೆಯ ಬೆಂಚಿಗೆ ಹೋಗಿ ಕುಳಿತಿದ್ದರು. ಮೂರನೆಯ ತಿಂಗಳ ಹೊತ್ತಿಗೆ ಆ ತಾಯಿ ತಮ್ಮ ಹಳೆಯ ಜಾಗಕ್ಕೆ ಮರಳಿದ್ದರು.

ಹುಡುಗನಿಗೆ ಪೂರ್ತಿ ವಾಸಿಯಾಯಿತು. ಇಂದು ಅವನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೂದಲೆಳೆಯಷ್ಟು ಸೂಕ್ಷ್ಮದ ಕೆಲಸ ಮಾಡುತ್ತಾನೆ. ಹತ್ತು ಬೆರಳೂ ನೆಟ್ಟಗಿವೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಂಬಿದವರನ್ನು ದೇವರು ಕೈಬಿಡನು ಎಂದು ಬರೆದು ನಾನೂ ಲೇಖನಿ ಕೆಳಗಿಡಬಹುದಿತ್ತು. ಆದರೆ 2003ರಲ್ಲಿ ನನ್ನ ಮಡದಿಗೆ ಕ್ಯಾನ್ಸರ್ ಎಂದು ತಿಳಿಯಿತು. ಹನ್ನೊಂದು ತಿಂಗಳು ಬದುಕಿದಳು. ಚಿಕಿತ್ಸೆಯಿಂದ ಬಾಯೆಲ್ಲ ಹುಣ್ಣಾಗಿ ನೀರು ನುಂಗುವುದೂ ಕಷ್ಟವಾದ ದಿನಗಳಲ್ಲಿ, ಕಡ್ಡಿ ಹೊಸೆಯುವ ಕೆಲಸ ಮುಗಿಸಿ ಆ ಹುಡುಗನ ತಾಯಿ ಸಂಜೆ ಸಂಜೆ ಬರುತ್ತಿದ್ದರು. ರಾಗಿಗಂಜಿಯನ್ನು ಬಟ್ಟಲಿನಿಂದ ಬಟ್ಟಲಿಗೆ ಸುರಿದು ಸುರಿದು ಆರಿಸಿ, “ಅಕ್ಕಾ, ಎರಡೇ ಗುಟುಕು” ಎಂದು ಕುಡಿಸುತ್ತಿದ್ದರು. ಹತ್ತು ವರ್ಷಗಳ ಹಿಂದೆ ನನ್ನನ್ನು ಕೇಳಿದ ಪ್ರಶ್ನೆಗೆ ನಾನು ಕೊಡಲಾಗದ ಉತ್ತರವನ್ನು ಅವರು ನನಗೂ ಕೊಡಲು ಹೋಗಲಿಲ್ಲ. ಬರುತ್ತಿದ್ದರು, ಅಷ್ಟೇ.

ಅವರ ಮಗ ಉಳಿದ, ನನ್ನ ಮಡದಿ ಉಳಿಯಲಿಲ್ಲ. ಪ್ರಾರ್ಥನೆ ಎರಡೂ ಕಡೆ ಅಷ್ಟೇ ನಿಜವಾಗಿತ್ತು. ಇದನ್ನು ಯಾವ ಲೆಕ್ಕದಿಂದಲೂ ಸರಿದೂಗಿಸಲು ನನಗೆ ಸಾಧ್ಯವಾಗಿಲ್ಲ. ಯೋಬನ ಗ್ರಂಥವನ್ನು ಆ ವರ್ಷ ಮತ್ತೆ ಮತ್ತೆ ಓದಿದೆ. ಯೋಬನ ಗೆಳೆಯರು ಅವನ ಬಳಿ ಬಂದು ಏಳು ದಿನ ಏಳು ರಾತ್ರಿ ಮಾತನಾಡದೆ ನೆಲದ ಮೇಲೆ ಕುಳಿತರು. ಅವರು ಮಾಡಿದ್ದರಲ್ಲಿ ಒಳ್ಳೆಯದು ಅದೊಂದೇ. ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ಯೋಬನ ಗಾಯ ದೊಡ್ಡದಾಯಿತು. ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತನಾಡಿದಾಗಲೂ ಕಾರಣವನ್ನು ತಿಳಿಸಲಿಲ್ಲ. ಗೆಳೆಯರ ಮೇಲೆ ಮಾತ್ರ ಸಿಟ್ಟಾದನು.

ಇಲ್ಲಿ ಇನ್ನೊಬ್ಬರನ್ನು ನೆನೆಯಬೇಕು. ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು. ತಂದೆತಾಯಿ ಅಲ್ಲಿ ಮಿಷನರಿಗಳು. ಮಗ ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ, 1929ರಲ್ಲಿ, ತಂದೆ ಜೆಸ್ಸಿ ಜ್ವರದಿಂದ ತೀರಿಕೊಂಡರು. ತಾಯಿ ಎವೆಲಿನ್ ಬೆಟ್ಟದ ಜನರ ಕೆಲಸವನ್ನು ಕೈಬಿಡಲಿಲ್ಲ. ಮಿಷನ್‌ನಿಂದ ನಿವೃತ್ತಿಯಾದ ಮೇಲೂ ಬೆಟ್ಟ ಹತ್ತಿ ಹೋಗಿ, 1974ರಲ್ಲಿ 95ನೆಯ ವಯಸ್ಸಿನಲ್ಲಿ ಸಾಯುವವರೆಗೆ ದುಡಿದರು. ಮಗ 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದು ಕುಷ್ಠರೋಗಿಗಳ ಮಡಚಿದ ಬೆರಳುಗಳಿಗೆ ಶಸ್ತ್ರಚಿಕಿತ್ಸೆಯ ದಾರಿ ಕಂಡುಹಿಡಿದರು. ಬೆರಳುಗಳು ತಾವಾಗಿ ಕೊಳೆತು ಬೀಳುತ್ತವೆ ಎಂದು ಜನ ನಂಬಿದ್ದ ಕಾಲ ಅದು. ನರಗಳು ಸತ್ತು ನೋವು ತಿಳಿಯದ ಕಾರಣ ಸುಟ್ಟಗಾಯ, ಮುಳ್ಳು, ಚಪ್ಪಲಿಯ ಉಜ್ಜಿಗೆಗಳೇ ಕೈಕಾಲುಗಳನ್ನು ತಿಂದುಹಾಕುತ್ತವೆ ಎಂಬುದನ್ನು ಅವರು ತೋರಿಸಿಕೊಟ್ಟರು. ನೋವು ದೇವರ ಕೊಡುಗೆ ಎಂದು ಅವರು ಹೇಳಿದ್ದು ನೋವನ್ನು ಕಳೆದುಕೊಂಡವರ ನಡುವೆ ಬಾಳಿದ್ದರಿಂದ.

ಔಷಧ ಸೂಕ್ಷ್ಮಾಣುವನ್ನು ಕೊಲ್ಲುತ್ತದೆ. ಆದರೆ ತಡವಾಗಿ ಬಂದವರಿಗೆ ಸತ್ತ ನರ ಮತ್ತೆ ಬರುವುದಿಲ್ಲ. ಆದ್ದರಿಂದ ಅಂಥವರಿಗೆ ಪಾದಗಳ ಆರೈಕೆಯನ್ನು ಕಲಿಸುತ್ತಾರೆ. ದಿನವೂ ಪಾದಗಳನ್ನು ನೀರಿನಲ್ಲಿ ನೆನೆಸಬೇಕು, ಎಣ್ಣೆ ಸವರಬೇಕು, ಅಂಗಾಲನ್ನು ತಿರುಗಿಸಿ ಗಾಯವಿದೆಯೇ ಎಂದು ನೋಡಬೇಕು. ಮೆತ್ತನೆಯ ಅಟ್ಟೆಯ ಚಪ್ಪಲಿಯಿಲ್ಲದೆ ಹೊರಡಬಾರದು. ಕಾಲು ತನ್ನ ಇರವನ್ನು ತಾನೇ ಹೇಳುವುದಿಲ್ಲವಾದ್ದರಿಂದ, ಇದೆ ಎಂದು ತಿಳಿದು, ದಿನವೂ ಅದನ್ನು ನೋಡಿಕೊಳ್ಳಬೇಕು.

ಮಡದಿ ಹೋದ ಮೇಲೆ ನನಗೂ ಹಾಗೆಯೇ ಆಗಿತ್ತು. ಪ್ರಾರ್ಥಿಸಿದರೆ ಯಾವ ಸ್ಪರ್ಶವೂ ಇಲ್ಲ, ಕೀರ್ತನೆ ಹಾಡಿದರೆ ಗಂಟಲು ಮಾತ್ರ ಅಲುಗುತ್ತದೆ. ಆಗ ನರ್ಸಮ್ಮ ನನ್ನನ್ನು ಕೆಲಸಕ್ಕೆ ಹಚ್ಚಿದರು. ಆಕೆಯ ಕಣ್ಣು ಮಂದವಾಗಿತ್ತು. ತಿಂಗಳಿಗೆ ಎರಡು ಶನಿವಾರ ಅವರನ್ನು ಸುಮನಹಳ್ಳಿಗೆ ಕರೆದುಕೊಂಡು ಹೋಗುವುದು, ಅಲ್ಲಿನ ಕೆಲವು ವೃದ್ಧರಿಗೆ ಕಾಗದ ಬರೆದುಕೊಡುವುದು ನನ್ನ ಪಾಲಿಗೆ ಬಂತು. ದೇವರು ಹತ್ತಿರವಿದ್ದಾನೆ ಎಂಬ ಅನುಭವಕ್ಕಾಗಿ ಕಾಯದೆ, ಇದ್ದಾನೆ ಎಂದು ತಿಳಿದವನು ಮಾಡುವ ಕೆಲಸವನ್ನು ಮಾಡುತ್ತಾ ಹೋದೆ. ಬಸವಣ್ಣನವರ ಹೆಸರಿನ ಬಡಾವಣೆಯಲ್ಲಿ ಬಾಳುವ ನನಗೆ ಇದಕ್ಕೆ ಒಗ್ಗುವ ಕನ್ನಡದ ಮಾತು ಕಾಯಕ. ಅನುಭವ ಮರಳಿತೇ ಎಂದು ನೀವು ಕೇಳಬಹುದು. ಸ್ವಲ್ಪ ಸ್ವಲ್ಪವಾಗಿ ಮರಳಿತು, ಮೊದಲಿನಂತಲ್ಲ. ಅದು ಮರಳದಿದ್ದರೂ ಆ ಶನಿವಾರಗಳು ವ್ಯರ್ಥವಾಗುತ್ತಿರಲಿಲ್ಲವೆಂದು ಈಗ ನನಗೆ ಅನ್ನಿಸುತ್ತದೆ.

ಕಾಲ ಬದಲಾಗಿದೆ. 2005ರ ಕೊನೆಗೆ ದೇಶದಲ್ಲಿ ಕುಷ್ಠರೋಗದ ಪ್ರಮಾಣ ಹತ್ತು ಸಾವಿರ ಜನರಿಗೆ ಒಬ್ಬರಿಗಿಂತ ಕೆಳಗಿಳಿಯಿತು. ರೋಗಿಗಳನ್ನು ಹಿಡಿದು ಕೂಡಿಹಾಕಲು ಅವಕಾಶವಿದ್ದ 1898ರ ಕಾಯಿದೆ 2016ರಲ್ಲಿ ರದ್ದಾಯಿತು. ಈ ರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಕಾನೂನಿಗೆ 2019ರಲ್ಲಿ ತಿದ್ದುಪಡಿಯಾಯಿತು. ಆದರೂ 2022ರಲ್ಲಿ ನಮ್ಮ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾದರು, ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ. ಮಕ್ಕಳಿಗೆ ಕಲಿಸುವ ಕಿರಿಯ ಅಧ್ಯಾಪಕ ಮಿತ್ರರಿಗೆ ನನ್ನದೊಂದು ಬಿನ್ನಹ. ನಿಮ್ಮ ತರಗತಿಯಲ್ಲಿ ಯಾವ ಮಗುವಿಗಾದರೂ ಸ್ಪರ್ಶವಿಲ್ಲದ ಮಚ್ಚೆ ಕಂಡರೆ ಸದ್ದಿಲ್ಲದೆ ತಂದೆತಾಯಿಗೆ ತಿಳಿಸಿ. ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಜೊತೆಗೆ ಹೋಗುವವರು ಒಬ್ಬರು ಬೇಕಾಗುತ್ತದೆ, ಸಾಧ್ಯವಾದರೆ ನೀವೇ ಹೋಗಿ.

ನರ್ಸಮ್ಮ ಈಗ ಇಲ್ಲ. ತಮ್ಮ ಸಂಸ್ಕಾರದ ಆರಾಧನೆಯಲ್ಲಿ ಹೊಗಳಿಕೆಯ ಮಾತು ಬೇಡವೆಂದು ಸಭಾಪಾಲಕರಿಗೆ ಮೊದಲೇ ಹೇಳಿಟ್ಟಿದ್ದರು. ಆ ದಿನ ಸುಮನಹಳ್ಳಿಯಿಂದ ಏಳೆಂಟು ಮಂದಿ ವ್ಯಾನಿನಲ್ಲಿ ಬಂದಿದ್ದರು. ಬೆರಳಿಲ್ಲದ ಅಂಗೈಗಳಲ್ಲಿ ಮಣ್ಣನ್ನು ಅದುಮಿ ಹಿಡಿದು, ಒಬ್ಬೊಬ್ಬರಾಗಿ ಬಂದು ಹಾಕಿ ಹೋದರು.